ಖಜೂರಿಗೆ ಬಂದ ಕೆಂಪು ಗಾಡಿ

ಆಳಂದದಲ್ಲಿ ತೊಗರಿಬೇಳೆಯ ಮಿಲ್ಲು ನಡೆಸುತ್ತಿದ್ದ ಚಂದ್ರಾಮಪ್ಪನವರ ಹತ್ತಿರ ಒಂದು ಹಳೆಯ ಸ್ಕೂಟರ್ ಬಿಟ್ಟರೆ ಬೇರೆ ಗಾಡಿ ಇರಲಿಲ್ಲ. ಆದರೆ ಅವರ ಮನೆಯ ಮೇಲಿನ ಕೋಣೆಯಲ್ಲಿ ಮುಚ್ಚಿಹೋದ ಕಾರಿನ ಅಂಗಡಿಯೊಂದು ಚೂರುಚೂರಾಗಿ ಬಂದು ಸೇರಿತ್ತು. ಗೋಡೆಯ ಮೇಲೆ ಷೋರೂಮಿನ ದೊಡ್ಡ ಗಡಿಯಾರ. ಅದರ ನಡುವೆ ಎಂಟು ಮೂಲೆಯ ಚೌಕಟ್ಟಿನೊಳಗೆ ಎಂ.ಜಿ. ಎಂಬ ಇಂಗ್ಲೆಂಡಿನ ಕಾರಿನ ಎರಡು ಅಕ್ಷರ. ಗಾಜಿನ ಕಪಾಟಿನಲ್ಲಿ ಗಿರಾಕಿಗಳಿಗೆ ಕೊಡುತ್ತಿದ್ದ ಕೀಲಿ ಬಿಲ್ಲೆಗಳು, ಪಿಂಗಾಣಿಯ ಆಶ್‌ಟ್ರೇ, ಕಾರಿನ ಮೂತಿಗೆ ಹಚ್ಚುವ ಲಾಂಛನಗಳು, ರೇಸಿನವರು ಹಾಕುವ ಕನ್ನಡಕ, ತೊಗಲಿನ ಕೈಗವಸು, ಬಣ್ಣದ ಚಿತ್ರಗಳ ಪುಸ್ತಿಕೆಗಳು. ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲೆ ಹಸಿರು ರಟ್ಟಿನ ಡಬ್ಬಿಗಳು ಸಾಲಾಗಿ ಕೂತಿದ್ದವು. ಇಂಗ್ಲೆಂಡಿನ ಕಾರ್ಖಾನೆಯಲ್ಲಿ ಹಾಕಿದ ಸೀಲು ಇನ್ನೂ ಒಡೆಯದ ಬಿಡಿಭಾಗಗಳು ಅವು.

ಈ ಹುಚ್ಚು ಹತ್ತಿದ್ದು ಸೋಲಾಪುರದಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಚಂದ್ರಾಮಪ್ಪನವರು ಅಲ್ಲಿ ಹೈಸ್ಕೂಲು ಓದುತ್ತಿದ್ದರು. ಶಾಲೆಗೆ ಹೋಗುವ ದಾರಿಯಲ್ಲಿ ಡೆಕ್ಕನ್ ಮೋಟಾರ್ ಹೌಸ್ ಎಂಬ ಅಂಗಡಿ. ಅದರ ಗಾಜಿನ ಹಿಂದೆ ಒಂದು ಕೆಂಪು ಕಾರು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ಸೈಕಲ್ಲಿನ ಹಾಗೆ ತಂತಿ ಕಡ್ಡಿಗಳ ಎತ್ತರದ ಚಕ್ರ, ಉದ್ದ ಮೂತಿ. ಓಟಕ್ಕೆಂದೇ ಮಾಡಿದ ಕಾರಂತೆ. ಅವರು ದಿನವೂ ನಿಂತು ನೋಡುವುದನ್ನು ಕಂಡ ಅಂಗಡಿಯ ಗುಮಾಸ್ತ ಒಂದು ಪುಸ್ತಿಕೆಯನ್ನು ಕೈಗಿಟ್ಟು, ಇದನ್ನು ಮನೆಗೆ ಒಯ್ದು ನೋಡು, ದಾರಿ ಬಿಡು ಎಂದ. ಅದೇ ಸಂಗ್ರಹದ ಮೊದಲ ವಸ್ತು. ಮುಂದೆ ಹೊರದೇಶದ ಕಾರುಗಳು ಬರುವುದು ನಿಂತು ಅಂಗಡಿ ಮುಚ್ಚಿತು. ಅದರ ಸಾಮಾನು ಗುಜರಿಗಳಲ್ಲಿ, ಗ್ಯಾರೇಜುಗಳಲ್ಲಿ, ಜನರ ಅಟ್ಟಗಳಲ್ಲಿ ಚೆದುರಿಹೋಯಿತು. ಚಂದ್ರಾಮಪ್ಪನವರು ಬೇಳೆ ವ್ಯಾಪಾರಕ್ಕೆಂದು ಎಲ್ಲಿ ಹೋದರೂ ಅದನ್ನು ಹುಡುಕುತ್ತಿದ್ದರು.

ಇಂಥ ಗಂಡನನ್ನು ಹೆಂಡತಿ ಬೈಯುತ್ತಿರಬೇಕು ಎಂದು ಊರಿನವರು ಅಂದುಕೊಂಡಿದ್ದರು. ಶಿವಕಾಂತಾ ಬೈಯುತ್ತಿದ್ದುದು ಬೇರೆ ಕಾರಣಕ್ಕೆ. "ಮಖಮಲ್ ತಂದು ಕೊಡ್ರಂದ್ರ ಸಾದಾ ಅರಬಿ ತಂದೀರಿ. ಇದರ ಮ್ಯಾಲ ಆ ಲಾಂಛನ ಇಟ್ರ ಹ್ಯಾಂಗ ಕಾಣಬೇಕು?" ಎಂದು ಗದರಿ, ತಾನೇ ಪೇಟೆಗೆ ಹೋಗಿ ಕಪ್ಪು ಮಖಮಲ್ಲು ತಂದು ಕಪಾಟಿನ ಅಳತೆಗೆ ಹೊಲಿದಿದ್ದಳು.

ಒಮ್ಮೆ ಮುಂಬೈಯಿಂದ ಹಳೆಯ ಕಾರುಗಳ ಶೋಕಿದಾರರೊಬ್ಬರು ಕ್ಯಾಮೆರಾ ಹಿಡಿದು ಬಂದರು. ಎಲ್ಲವನ್ನೂ ನೋಡಿ, ಕೊನೆಗೆ ಹಸಿರು ಡಬ್ಬಿಗಳ ಮುಂದೆ ಕೈಕಟ್ಟಿ ನಿಂತುಬಿಟ್ಟರು. "ಇಂಥವು ನನ್ನ ಹತ್ತಿರವೂ ಇಲ್ಲ. ಸೀಲು ಇರುವವರೆಗೆ ಇವು ರತ್ನ. ಒಡೆದರೆ ಬರೀ ಕಬ್ಬಿಣ. ಯಾರಿಗೂ ಮುಟ್ಟಲು ಕೊಡಬೇಡಿ" ಎಂದರು. ಅವತ್ತಿನಿಂದ ಚಂದ್ರಾಮಪ್ಪನವರು ಆ ಹಲಗೆಯ ಧೂಳನ್ನು ಕೂಡ ತಾವೇ ಒರೆಸತೊಡಗಿದರು.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಸುಗ್ಗಿಯಲ್ಲಿ ಅವರು ಉಮರ್ಗಾದ ಕಡೆ ಹೊರಟವರು ಖಜೂರಿಯಲ್ಲಿ ಚಹಕ್ಕೆ ನಿಂತರು. ಲಾರಿಗಳು ನಿಲ್ಲುವ ರಸ್ತೆಯ ಬದಿಗೆ ತಗಡಿನ ಒಂದು ಅಂಗಡಿ. ನಡೆಸುವವಳು ಅಮೀರುನ್ನಿಸಾ ಎಂಬ ಮುದುಕಿ. ಡ್ರೈವರುಗಳಿಗೆಲ್ಲ ಅವಳು ಚಾಚಿ. ಗಿಲಾಸು ಇಡುವ ಹಲಗೆಯ ಮೇಲೆ ಚಂದ್ರಾಮಪ್ಪನವರು ಕೈ ಊರಿದಾಗ ಅದು ತಣ್ಣಗೆ, ನುಣ್ಣಗೆ ಹತ್ತಿತು. ಬಗ್ಗಿ ನೋಡಿದರು. ಗಾಜಿನಂತೆ ಹೊಳೆಯುವ ಲೇಪದ ಕಬ್ಬಿಣದ ಬೋರ್ಡು. ಕೆನೆಬಣ್ಣದ ಮೇಲೆ ಓಡುತ್ತಿರುವ ಕೆಂಪು ಕಾರು, ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ ಡೆಕ್ಕನ್ ಮೋಟಾರ್ ಹೌಸ್, ಸೋಲಾಪುರ.

ಪಕ್ಕದ ಡ್ರೈವರು ಗಿಲಾಸನ್ನು ಕಾರಿನ ಚಿತ್ರದ ಮೇಲೆ ಇಡಲು ಹೋದ.

"ಏ, ಗಾಡಿ ಮ್ಯಾಲ ಇಡಬ್ಯಾಡೋ! ಬಾಜೂಕ ಇಡು" ಎಂದು ಮುದುಕಿ ಒದರಿದಳು.

ಚಂದ್ರಾಮಪ್ಪನವರು ಗಿಲಾಸನ್ನು ಪಕ್ಕಕ್ಕಿಟ್ಟರು. ಆ ಬೋರ್ಡು ಅಂಗಡಿಯ ಬಾಗಿಲ ಮೇಲೆ ತೂಗುತ್ತಿದ್ದದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಎಷ್ಟೋ ವರ್ಷ ಹುಡುಕಿ, ಯಾರೋ ಕರಗಿಸಿರಬೇಕೆಂದು ಆಸೆ ಬಿಟ್ಟಿದ್ದರು.

"ಚಾಚೀ, ಈ ಬೋರ್ಡು ನಿಮ್ಮ ಕಡಿ ಹ್ಯಾಂಗ ಬಂತು?"

"ನಮ್ಮ ಮನಿಯವರು, ಮಿಸ್ತ್ರಿ, ತಂದದ್ರಿ, ಸಾವ್ಕಾರ್ರ. ಆ ಅಂಗಡ್ಯಾಗ ಗಾಡಿ ರಿಪೇರಿ ಮಾಡ್ತಿದ್ರು, ಲಾಲ್ ಅಹ್ಮದ್ ಮಿಸ್ತ್ರಿ ಅಂತ. ಅಂಗಡಿ ಮುಚ್ಚೋ ದಿವಸ ಶೇಠ ಏನು ಬೇಕೋ ಒಯ್ರಿ ಅಂದ್ರಂತ. ಒಬ್ಬಾಂವ ಕುರ್ಚಿ ಒಯ್ದ, ಒಬ್ಬಾಂವ ಕಪಾಟ ಒಯ್ದ. ಇವರು ನೋಡ್ರಿ, ಇದನ್ನ ಹೊತ್ಕೊಂಡು ಬಸ್ಸಿನ ಟಾಪ್ ಮ್ಯಾಲ ಹಾಕ್ಕೊಂಡು ಬಂದ್ರು! ನಾ ಅವತ್ತ ಹಗಲೆಲ್ಲಾ ಜಗಳಾ ಮಾಡೇನಿ."

"ನನಗ ಕೊಡ್ರಿ. ಬದಲಿಗೆ ನಿಮಗೇನು ಬೇಕು ಕೇಳ್ರಿ."

ಅಮೀರುನ್ನಿಸಾ ಸ್ಟೋವಿನ ಉರಿ ಸಣ್ಣ ಮಾಡಿ ಅವರ ಮುಖ ನೋಡಿದಳು.

"ಮಾರೋದಲ್ರಿ ಅದು. ನಮ್ಮ ಮಿಸ್ತ್ರಿ ಇದ್ದಷ್ಟು ದಿವಸ ಈ ಗಾಡಿ ಮಾತೇ ಮಾತು. ಗಾಳಿಕಿಂತ ಮುಂದ ಹೋಗ್ತದ, ಮುಂದಿನ ಕಾಂಚು, ಗಾಳಿ ತಡಿಯೋ ಗಾಜು, ಮಲಗಿಸಿಬಿಟ್ರ ಕಣ್ಣಾಗ ನೀರು ಬರ್ತಾವ, ನಾ ಖುದ್ದ ಓಡಿಸೇನಿ ಅಂತಿದ್ರು. ನಿನ್ನ ಒಂದ್ಸಲ ಕುಂಡ್ರಸ್ಕೊಂಡು ಈ ರಸ್ತೇದಾಗ ಸುತ್ತಾಡಸ್ತೇನಿ ಅಂತಿದ್ರು. ಅಂಗಡಿ ಮುಚ್ಚಿತು, ಆಗ್ಲಿಲ್ಲ. ಊರ ಮಂದಿ ಮಿಸ್ತ್ರಿ ಬಡಾಯಿ ಹೊಡೀತಾನ ಅಂತ ನಕ್ಕರು. ನಾನೂ ನಕ್ಕೇನಿ." ಸ್ವಲ್ಪ ತಡೆದು ಅಂದಳು: "ಅಂಥಾ ಗಾಡಿ ಇಲ್ಲಿ ತರ್ರಿ. ನನ್ನ ಕುಂಡ್ರಸಿ ಓಡಿಸ್ರಿ. ಬೋರ್ಡು ನಿಮ್ದು. ಇದು ನನ್ನ ಜುಬಾನ್, ಕೊಟ್ಟ ಮಾತು."

ಕೂತಿದ್ದ ಡ್ರೈವರುಗಳು ಗೊಳ್ಳೆಂದು ನಕ್ಕರು. ಚಂದ್ರಾಮಪ್ಪನವರು ನಗಲಿಲ್ಲ. "ಆತ್ರಿ ಚಾಚಿ. ತರ್ತೇನಿ" ಎಂದು ಎದ್ದರು.

ಹೇಳಿದ್ದು ಸುಲಭ. ಅಂಥ ಕಾರು ಎಲ್ಲಿದೆ? ಅವರು ಹೈದರಾಬಾದಿನಲ್ಲಿ ವಿಚಾರಿಸಿದರು, ಮಿರಜ್‌ನಲ್ಲಿ ವಿಚಾರಿಸಿದರು. ಒಂದು ಕಡೆ ಬರೀ ಚೌಕಟ್ಟು ಸಿಕ್ಕಿತು, ಇನ್ನೊಂದು ಕಡೆ ಮಾಲೀಕರು ಬಾಗಿಲನ್ನೇ ತೆಗೆಯಲಿಲ್ಲ. ಖಜೂರಿಯ ಮೇಲೆ ಹಾದುಹೋಗುವಾಗಲೆಲ್ಲ ಅವರು ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸುತ್ತಿದ್ದರು. ಮುದುಕಿ ಕೇಳುತ್ತಿರಲಿಲ್ಲ, ಚಹ ಕೊಡುತ್ತಿದ್ದಳು. ಅವರೇ "ಹುಡುಕಾಕತ್ತೇನ್ರಿ ಚಾಚಿ" ಎನ್ನುತ್ತಿದ್ದರು. ಹೀಗೆ ಮೂರು ಸುಗ್ಗಿ ಕಳೆದವು.

ಕಾರು ಸಿಕ್ಕಿದ್ದು ಜೇವರ್ಗಿಯಲ್ಲಿ, ಹುಡುಕದೇ ಇದ್ದ ಮನೆಯಲ್ಲಿ. ಮಿಲ್ಲಿನ ಒಂದು ಕಾಗದದ ಕೆಲಸಕ್ಕೆ ಅವರು ವಾಮನರಾವ್ ವಕೀಲರನ್ನು ಕಾಣಲು ಹೋಗಿದ್ದರು. ಹಿತ್ತಲ ಚಪ್ಪರದ ಅಂಚಿನ ಬಿಸಿಲಲ್ಲಿ ವಕೀಲರ ಹೆಂಡತಿ ಜಾನಕೀಬಾಯಿ ಧೋತರ ಹಾಸಿ ಸಂಡಿಗೆ ಒಣಗಿಸುತ್ತಿದ್ದರು. ಹಾಸಿದ್ದು ಯಾವುದರ ಮೇಲೆ ಎಂದು ನೋಡಿದರೆ, ಧೋತರದ ಅಂಚಿನಿಂದ ತಂತಿ ಕಡ್ಡಿಗಳ ಒಂದು ಚಕ್ರ ಇಣುಕುತ್ತಿತ್ತು. ಚಂದ್ರಾಮಪ್ಪನವರು ವಕೀಲರ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದರು.

"ನಮ್ಮ ಅಣ್ಣಾಂದು" ಎಂದರು ವಾಮನರಾವ್, ಹಿಂದೆಯೇ ಬಂದು. "ಹೈದರಾಬಾದದಾಗ ಓಡಸ್ತಿದ್ದ. ಅವ ತೀರಿಕೊಂಡ ಮ್ಯಾಲ ಲಾರಿ ಮ್ಯಾಲ ಹಾಕಿ ತಂದ್ವಿ. ಇಲ್ಲಿ ಯಾರಿಗೆ ಗೊತ್ತದ ಇದರ ರಿಪೇರಿ? ನಿಂತದ ಹಂಗ."

ಸಂಡಿಗೆಯನ್ನು ಮೊರಕ್ಕೆ ತುಂಬಿ ಜಾನಕೀಬಾಯಿ ಧೋತರ ತೆಗೆದರು. ಧೂಳಿನ ಕೆಳಗೆ ಕೆಂಪು ಬಣ್ಣವಿತ್ತು. ಚಂದ್ರಾಮಪ್ಪನವರು ಮೂತಿಯ ಎಂಟು ಮೂಲೆಯ ಲಾಂಛನವನ್ನು ಮುಟ್ಟಿದರು. ಮೂವತ್ತು ವರ್ಷ ಅದರ ಚಿತ್ರ, ಗಡಿಯಾರ, ಕೀಲಿ ಬಿಲ್ಲೆ ಕೂಡಿಸಿದವರು ಕಾರನ್ನು ಕೈಯಿಂದ ಮುಟ್ಟಿದ್ದು ಅದೇ ಮೊದಲು. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತು ಖಜೂರಿಯ ಮುದುಕಿಯ ಕಥೆಯನ್ನೆಲ್ಲ ಹೇಳಿದರು.

ವಕೀಲರು ಕೇಳಿ ಕಾರಿನ ಬಾಗಿಲ ಮೇಲೆ ಕೈಯಿಟ್ಟರು. "ಮಾರೂದಿಲ್ಲ ನಾ ಇದನ್ನ. ಅಣ್ಣನ ನೆನಪದ" ಎಂದರು. "ಆದ್ರ ನೀವು ಒಯ್ರಿ. ಚಾಲೂ ಮಾಡ್ರಿ, ಆ ಬಾಯೀನ್ನ ಕುಂಡ್ರಸ್ರಿ, ತಿರುಗಿ ತಂದು ಬಿಡ್ರಿ. ನನಗ ಅಷ್ಟ ಸಾಕು."

"ಬರೇ ತಂದು ಬಿಡೂದಲ್ರಿ, ನೀವೇ ಓಡಿಸೂ ಹಂಗ ಮಾಡಿ ತರ್ತೇನಿ, ವಕೀಲ ಸಾಹೇಬ್ರ" ಎಂದರು ಚಂದ್ರಾಮಪ್ಪ.

ತೊಗರಿಯ ಲಾರಿಯಲ್ಲಿ ಕಾರು ಆಳಂದಕ್ಕೆ ಬಂತು. ಊರಲ್ಲಿ ಟ್ರ್ಯಾಕ್ಟರು, ಜೀಪು ರಿಪೇರಿ ಮಾಡುತ್ತಿದ್ದ ಖಂಡಪ್ಪ ಮಿಲ್ಲಿನ ಚಪ್ಪರದಲ್ಲಿ ಅದನ್ನು ಬಿಚ್ಚಿದ. ಇಂಜಿನ್ನು ಬಿಗಿದುಹೋಗಿರಲಿಲ್ಲ, ಎಣ್ಣೆ ಹಾಕಿ ತಿರುಗಿಸಿದರೆ ತಿರುಗಿತು. ಟೈರುಗಳು ಒಡೆದುಹೋಗಿದ್ದವು, ಬುಲೆಟ್ ಮೋಟಾರ್ ಸೈಕಲ್ಲಿನ ಟೈರು ಆ ಚಕ್ರಕ್ಕೆ ಕೂಡುತ್ತದೆಂದು ಅವನೇ ಅಳೆದು ಕಂಡುಕೊಂಡ. ಮರದ ಚೌಕಟ್ಟಿನಲ್ಲಿ ಗೆದ್ದಲು ತಿಂದ ಕಡೆ ಬಡಿಗೇರರು ಹೊಸ ತುಂಡು ಕೂಡಿಸಿದರು. ಆದರೆ ಪೆಟ್ರೋಲ್ ಪಂಪು ತುಕ್ಕು ಹಿಡಿದು ತೂತಾಗಿತ್ತು, ಕಾರ್ಬುರೇಟರಿನ ಸೂಜಿಗಳು ತಿಂದುಹೋಗಿದ್ದವು, ಪ್ಲಗ್ಗಿಗೆ ಕರೆಂಟು ಹಂಚುವ ಮುಚ್ಚಳ ಸೀಳಿತ್ತು.

"ಇವು ಈಗ ಸಿಗಾಂಗಿಲ್ರಿ, ಸಾವ್ಕಾರ್ರ" ಎಂದ ಖಂಡಪ್ಪ, ಕೈ ಒರೆಸಿಕೊಳ್ಳುತ್ತ. "ಪುಣೆ, ಮುಂಬೈ ಎಲ್ಲಾ ಕಡಿ ಕೇಳೇನಿ. ಜೀಪಿಂದು ಹಾಕಿ ನೋಡಿದೆ, ಕೂಡವಲ್ದು."

ಚಂದ್ರಾಮಪ್ಪನವರು ಮನೆಯ ಕಡೆ ನೋಡಿದರು. ಅವು ಎಲ್ಲಿ ಸಿಗುತ್ತವೆ ಎಂದು ಅವರಿಗೆ ಗೊತ್ತಿತ್ತು. ಖಂಡಪ್ಪನಿಗೂ ಗೊತ್ತಿತ್ತು, ಅವನು ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೆ.

ಕೆಲವು ದಿನ ಅವರು ಮೇಲಿನ ಕೋಣೆಯ ಮೆಟ್ಟಿಲು ಹತ್ತಲಿಲ್ಲ. ಮಿಲ್ಲಿನಲ್ಲಿ ಸುಮ್ಮಸುಮ್ಮನೆ ಆಳುಗಳ ಮೇಲೆ ರೇಗಿದರು. ಊಟಕ್ಕೆ ಕೂತರೆ ರೊಟ್ಟಿ ಮುರಿದು ಹಾಗೇ ಕೂಡುತ್ತಿದ್ದರು. ಶಿವಕಾಂತಾ ಸುಮ್ಮನೆ ನೋಡಿ ನೋಡಿ ಒಂದು ಮಧ್ಯಾಹ್ನ ಕೇಳಿದಳು:

"ಏನ್ರಿ, ಜೀವಾ ಹೊಡಕೊಳ್ಳಾಕತ್ತದೇನು?"

"ಹೌದು ಬೇ. ಆ ಡಬ್ಬಿ ಒಂದೊಂದೂ ಎಷ್ಟು ತಿರುಗಿ ತಂದೇನಿ ನಿನಗ ಗೊತ್ತದ. ಒಡೆದ್ರ ಮತ್ತ ಕೂಡಸಾಕ ಬರಾಂಗಿಲ್ಲ. ಇಡೀ ದೇಶದಾಗ ಇಲ್ಲ ಅಂತಾರ ಇಂಥವು."

"ಹಂಗಾರ ಇರ್ಲಿ ಬಿಡ್ರಿ. ಗಾಡಿ ತಿರುಗಿ ಜೇವರ್ಗಿಗಿ ಕಳಸ್ರಿ. ಆ ಮುದುಕಿಗಿ ನಾ ಹೇಳ್ತೇನಿ, ಆಗ್ಲಿಲ್ಲ ಅಂತ."

ಆ ಮಾತು ಅವರಿಗೆ ಎಲ್ಲಿ ನಾಟಿತೋ. ತಾಟಿನ ಮುಂದಿನಿಂದ ಎದ್ದು ಕೈ ತೊಳೆದುಕೊಂಡರು. "ನೀನೂ ಬಾ ಮ್ಯಾಲ" ಎಂದರು.

ಖಂಡಪ್ಪನನ್ನೂ ಕರೆಸಿದರು. ಪಂಪಿನ ಡಬ್ಬಿಯನ್ನು ಹಲಗೆಯಿಂದ ಇಳಿಸಿ ಮಖಮಲ್ಲಿನ ಮೇಲೆ ಇಟ್ಟು, "ಒಡೀ" ಎಂದು ಚಾಕು ಚಾಚಿದರು. ಖಂಡಪ್ಪ ಹಿಂದೆ ಸರಿದ. "ಇಲ್ರಿ ಸಾವ್ಕಾರ್ರ, ನನ್ನ ಕೈಲೆ ಆಗಾಂಗಿಲ್ಲ. ನೀವೇ ಒಡೀರಿ."

ಚಂದ್ರಾಮಪ್ಪನವರು ಸೀಲಿನ ಮೇಲೆ ಬೆರಳಾಡಿಸಿದರು. ಆಮೇಲೆ ಒಂದೇ ಏಟಿಗೆ ಕೊಯ್ದರು. ಒಳಗೆ ಮೇಣದ ಕಾಗದ, ಕಾಗದದೊಳಗೆ ಹಳದಿ ಗ್ರೀಸು, ಗ್ರೀಸಿನೊಳಗೆ ನಿನ್ನೆ ಮಾಡಿದ ಹಾಗಿದ್ದ ಪಂಪು. ಕೋಣೆಯಲ್ಲೆಲ್ಲ ಎಣ್ಣೆಯ ವಾಸನೆ ಹರಡಿತು. ಅವರು ಅದನ್ನು ಮೂಗಿನ ಹತ್ತಿರ ಹಿಡಿದು, ಹೆಂಡತಿಯ ಕೈಗೆ ಕೊಟ್ಟರು. ಶಿವಕಾಂತಾ ಸೆರಗಿನಿಂದ ಗ್ರೀಸು ಒರೆಸಿದಳು. ಸೀರೆಯ ಚಿಂತೆ ಮಾಡಲಿಲ್ಲ.

ಒಂದು ಒಡೆದ ಮೇಲೆ ಉಳಿದವಕ್ಕೆ ಕೈ ತಡೆಯಲಿಲ್ಲ. ಸೂಜಿ, ಮುಚ್ಚಳ, ಪ್ಲಗ್ಗು, ದೀಪದ ಗಾಜು, ಒಂದೊಂದೇ ಹೊರಗೆ ಬಂದವು. ಪಂಪಿನೊಳಗಿನ ಪೊರೆ ಒಣಗಿತ್ತೆಂದು ಖಂಡಪ್ಪ ಸೋಲಾಪುರಕ್ಕೆ ಹೋಗಿ ಬೇರೆ ಕತ್ತರಿಸಿಕೊಂಡು ಬಂದ. ಕೊನೆಗೊಂದು ಬೆಳಗ್ಗೆ ಎಲ್ಲ ಕೂಡಿಸಿ, ಬ್ಯಾಟರಿ ಹಚ್ಚಿ, ಚಂದ್ರಾಮಪ್ಪನವರು ಕೀಲಿ ತಿರುಗಿಸಿದರು. ಪಂಪು ಟಿಕ್ ಟಿಕ್ ಟಿಕ್ ಎಂದು ಪೆಟ್ರೋಲು ಎಳೆಯತೊಡಗಿತು. ಮಿಲ್ಲಿನ ಆಳುಗಳೆಲ್ಲ ಸುತ್ತ ನೆರೆದಿದ್ದರು. ಇಂಜಿನ್ನು ಚಾಲೂ ಮಾಡುವ ಗುಂಡಿ ಎಳೆದರು. ಇಂಜಿನ್ನು ಎರಡು ಸಲ ಕೆಮ್ಮಿ, ನೀಲಿ ಹೊಗೆ ಉಗುಳಿ, ಮೂರನೆಯ ಸಲಕ್ಕೆ ಗುಡುಗಿತು. ಖಂಡಪ್ಪ ಟೊಪ್ಪಿಗೆ ತೆಗೆದು ಮೇಲಕ್ಕೆ ಎಸೆದ.

ಖಜೂರಿಗೆ ಹೋದದ್ದು ಚಳಿಗಾಲದ ಒಂದು ಮುಂಜಾನೆ. ಖಂಡಪ್ಪನ ಹತ್ತಿರ ಜೀಪು ಓಡಿಸಲು ಕಲಿತಿದ್ದ ಚಂದ್ರಾಮಪ್ಪನವರೇ ಓಡಿಸಿದರು. ಎರಡೂ ಬದಿಗೆ ಕುಸುಬೆ, ಕಡಲೆಯ ಹೊಲಗಳು. ಕೆಲಸದವರು ಸೊಂಟ ನೆಟ್ಟಗೆ ಮಾಡಿ ನಿಂತು ನೋಡಿದರು. ಅಂಗಡಿಯ ಮುಂದೆ ಕಾರು ನಿಂತಾಗ ಲಾರಿಗಳಿಂದ ಡ್ರೈವರುಗಳು ಇಳಿದು ಬಂದರು. ಅಮೀರುನ್ನಿಸಾ ಚಹದ ಪಾತ್ರೆ ಹಿಡಿದವಳು ಹಿಡಿದ ಹಾಗೇ ನಿಂತಳು. ಹಲಗೆಯ ಮೇಲಿನ ಚಿತ್ರವನ್ನು ನೋಡಿದಳು, ರಸ್ತೆಯ ಮೇಲಿನ ಕಾರನ್ನು ನೋಡಿದಳು. ಸ್ಟೋವು ಆರಿಸಿ ಹಿಂದಿನ ಮನೆಯೊಳಗೆ ಹೋದಳು.

"ಸಿಟ್ಟಾದಳೇನ್ರಿ?" ಎಂದು ಖಂಡಪ್ಪ ಪಿಸುಗುಟ್ಟಿದ, ಅವನು ಸ್ಕೂಟರಿನ ಮೇಲೆ ಹಿಂದೆ ಬಂದಿದ್ದ.

ಅವಳು ಹೊರಗೆ ಬಂದಾಗ ಈದಿಗೆ ಉಡುವ ಹಸಿರು ಸೀರೆ ಉಟ್ಟಿದ್ದಳು, ಕಣ್ಣಿಗೆ ಸುರ್ಮಾ ಹಚ್ಚಿದ್ದಳು. ಸೀಟಿನಲ್ಲಿ ಕೂತು ಸೆರಗನ್ನು ತಲೆಯ ಮೇಲಿಂದ ತಂದು ಗದ್ದದ ಕೆಳಗೆ ಗಂಟು ಹಾಕಿಕೊಂಡಳು.

"ನಡೀರಿ."

ಊರು ದಾಟುವವರೆಗೆ ಚಂದ್ರಾಮಪ್ಪನವರು ಜೋಕೆಯಾಗಿ ಓಡಿಸಿದರು. ಮುದುಕಿ ಗೊಣಗಿದಳು: "ಇಷ್ಟ ಮೆತ್ತಗ ನಮ್ಮೂರ ಬಂಡೀನೂ ಹೋಗ್ತಾವ್ರಿ. ಕಾಂಚು ಮಲಗಿಸ್ರಿ. ನಮ್ಮ ಮಿಸ್ತ್ರಿ ಹೇಳಿದ್ದು ಹಂಗ."

ಅವರು ನಿಲ್ಲಿಸಿ, ಮುಂದಿನ ಗಾಜಿನ ತಿರುಪು ಸಡಿಲಿಸಿ ಅದನ್ನು ಮೂತಿಯ ಮೇಲೆ ಮಲಗಿಸಿದರು. ಈಗ ಅವರಿಗೂ ರಸ್ತೆಗೂ ನಡುವೆ ಏನೂ ಇರಲಿಲ್ಲ. ಗೇರು ಬದಲಿಸಿ ಕಾಲು ಒತ್ತಿದರು. ಕಾರು ಹುಚ್ಚೆದ್ದ ಹಾಗೆ ಮುಂದೆ ನೆಗೆಯಿತು. ಗಾಳಿ ಮುಖಕ್ಕೆ ಬಡಿಯಿತು. ನೇರ ರಸ್ತೆ ಮಹಾರಾಷ್ಟ್ರದ ಗಡಿಯ ಕಡೆ ಎಳೆದುಕೊಂಡು ಹೋಗುತ್ತಿತ್ತು. ಅವಳು ಹೆದರಿರಬಹುದೆಂದು ಅವರು ಓರೆಗಣ್ಣಿಂದ ನೋಡಿದರು. ಅಮೀರುನ್ನಿಸಾ ಎರಡೂ ಕೈಯಿಂದ ಬಾಗಿಲ ಅಂಚು ಹಿಡಿದು, ಬಾಯಿ ತೆರೆದು ನಗುತ್ತಿದ್ದಳು. ಕಣ್ಣಿಂದ ನೀರು ಕಿವಿಯ ಕಡೆಗೆ ಹರಿದು ಸುರ್ಮಾ ಉದ್ದಕ್ಕೆ ಬಳಿದುಹೋಗಿತ್ತು.

ಗಡಿ ದಾಟಿ ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದರು. ಇಂಜಿನ್ನಿನ ಸದ್ದು ನಿಂತಿತು.

"ಸುಳ್ಳ ಹೇಳಿದ್ದಿಲ್ರಿ ನಮ್ಮ ಮಿಸ್ತ್ರಿ" ಎಂದಳು ಅವಳು, ಸ್ವಲ್ಪ ಹೊತ್ತಿನ ಮೇಲೆ. "ಒಂದು ಮಾತೂ ಸುಳ್ಳಿದ್ದಿಲ್ಲ."

ಚಂದ್ರಾಮಪ್ಪನವರೂ ಕಣ್ಣೊರೆಸಿಕೊಂಡು, ಒಳಗೆ ಧೂಳು ಹೋಗಿದೆ ಎಂದರು.

ತಿರುಗಿ ಬಂದಾಗ ಅಂಗಡಿಯ ಮುಂದೆ ಅರ್ಧ ಊರು ನೆರೆದಿತ್ತು. ಅಮೀರುನ್ನಿಸಾ ಕಾರಿನಿಂದ ಇಳಿದು, ಹಿಂದೆ ನಕ್ಕಿದ್ದ ಮುದುಕರ ಮುಂದೆ ಒಂದು ಗಳಿಗೆ ಬೇಕಂತಲೇ ನಿಂತಳು. ಒಬ್ಬ ಮುದುಕ, "ಮಿಸ್ತ್ರಿ ಖರೇ ಮನಿಷ್ಯಾ ಬಿಡ್ರಿ" ಎಂದ. ಆಮೇಲೆ ಅವಳು ಡ್ರೈವರುಗಳಿಗೆ ಹೇಳಿ ಗಿಲಾಸುಗಳನ್ನು ಎತ್ತಿಸಿ, ಬೋರ್ಡಿನ ಮೊಳೆ ಕೀಳಿಸತೊಡಗಿದಳು.

"ಚಾಚೀ, ಇರ್ಲಿ. ಅವರ ನಿಶಾನಿ ಅದು, ನಿಮ್ಮ ಕಡೀನೇ ಇರ್ಲಿ" ಎಂದರು ಚಂದ್ರಾಮಪ್ಪ.

ಅವಳು ತಿರುಗಿ ನೋಡಿದ ರೀತಿಗೆ ಅವರು ಮತ್ತೆ ಆ ಮಾತು ಎತ್ತಲಿಲ್ಲ. "ಜುಬಾನ್ ಕೊಟ್ಟೇನಿ. ನೀವು ನಿಮ್ಮ ಮಾತು ಉಳಿಸಿಕೊಂಡೀರಿ, ನನ್ನ ಮಾತು ಮುರಸಬ್ಯಾಡ್ರಿ" ಎಂದಳು. ಬೋರ್ಡನ್ನು ತಾನೇ ಬೂದಿ ಹಚ್ಚಿ ತೊಳೆದು, ಒರೆಸಿ, ಅವರ ಕೈಗೆ ಕೊಟ್ಟಳು. ಅವರು ಅದನ್ನು ಎರಡೂ ಕೈಯಿಂದ ತೆಗೆದುಕೊಂಡರು. ಅದೇ ವಾರ ಬೋರ್ಡಿನ ಜಾಗಕ್ಕೆ ಶಹಾಬಾದಿನ ಒಂದು ನುಣುಪಾದ ಕಲ್ಲಿನ ಹಾಸು ಖಜೂರಿಗೆ ಹೋಯಿತು. ಅದನ್ನು ಕೂಡಿಸುವಾಗ ಚಂದ್ರಾಮಪ್ಪನವರೇ ನಿಂತು ಮಟ್ಟ ನೋಡಿದರು. ಮುದುಕಿ ಎರಡು ಸಲ ಕೀಳಿಸಿ ಮತ್ತೆ ಹಾಕಿಸಿದಳು.

ಕಾರನ್ನು ಜೇವರ್ಗಿಗೆ ಅವರೇ ಓಡಿಸಿಕೊಂಡು ಹೋದರು. ಖಂಡಪ್ಪ ಪಕ್ಕದಲ್ಲಿ ಕೂತಿದ್ದ. ವಾಮನರಾವ್ ಬಾಗಿಲಲ್ಲೇ ನಿಂತಿದ್ದರು. ಕಾರು ಊರ ಹೊರಗಿರುವಾಗಲೇ ಸದ್ದು ಕೇಳಿ ಎದ್ದು ಬಂದಿದ್ದರಂತೆ. ಹಾಕಿದ ಸಾಮಾನೆಲ್ಲ ಎಲ್ಲಿಯದು ಎಂದು ತಿಳಿದಾಗ ಅವರು ಗಾಬರಿಯಾದರು. "ಬಿಚ್ಚಿಕೊಳ್ರಿ, ಚಂದ್ರಾಮಪ್ಪನವರ. ಇಷ್ಟು ಕಿಮ್ಮತ್ತಿಂದು ನಾ ಹ್ಯಾಂಗ ಇಟ್ಕೊಳ್ಳಲಿ?" ಎಂದರು.

"ಬಿಚ್ಚಿದ್ರ ಗಾಡಿ ನಿಲ್ತದ್ರಿ. ನಿಮಗ ಓಡಸೂದು ಕಲಿಸಿ ಹೋಗ್ತೇನಿ" ಎಂದು ಚಂದ್ರಾಮಪ್ಪನವರು ಕೀಲಿಯನ್ನು ವಕೀಲರ ಕೈಯಲ್ಲಿಟ್ಟರು. ಎರಡು ದಿನ ಅಲ್ಲೇ ಉಳಿದು ಕಲಿಸಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಖಂಡಪ್ಪ ಮೆಲ್ಲಗೆ ಕೇಳಿದ: "ಸಾವ್ಕಾರ್ರ, ಸಂಕಟ ಆಗ್ಲಿಲ್ಲೇನ್ರಿ? ಅಷ್ಟೂ ಸಾಮಾನ ಬಿಟ್ಟು ಬಂದ್ವಿ."

"ಆತು. ಸುಳ್ಳ ಯಾಕ ಹೇಳ್ಲಿ? ಆ ಖಾಲಿ ಹಲಗಿ ನೋಡಿದ್ರ ಇನ್ನೂ ಆಗ್ತದ" ಎಂದರು ಚಂದ್ರಾಮಪ್ಪ. ಕಿಟಕಿಯ ಹೊರಗೆ ನೋಡುತ್ತಲೇ ನಗತೊಡಗಿದರು. "ಆದ್ರ ಆ ಪಂಪು ಟಿಕ್ ಟಿಕ್ ಅಂದಾಗ ನನ್ನ ಎದಿ ಹ್ಯಾಂಗ ಹೊಡಕೊಂಡ್ತು ಗೊತ್ತದೇನಲೇ? ಡಬ್ಬಿ ನೋಡಿ ಒಂದು ದಿವಸನೂ ಹಂಗ ಹೊಡಕೊಂಡಿದ್ದಿಲ್ಲ."

ಆ ಕಾರು ಮುಂದೆ ಬಹಳ ವರ್ಷ ಜೇವರ್ಗಿಯ ರಸ್ತೆಗಳಲ್ಲಿ ಓಡಿತು. ಹುಣ್ಣಿಮೆ ಬಂದರೆ ವಾಮನರಾವ್ ಅದರಲ್ಲಿ ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ಹೋಗುವರು. ನದಿಯ ದಂಡೆಯಲ್ಲಿ ನಿಂತ ಕಾರನ್ನು ನೋಡಲು ಯಾತ್ರಿಕರು ಸುತ್ತುವರಿದರೆ ಜಾನಕೀಬಾಯಿ ಸೀಟಿನಿಂದ ಇಳಿಯದೆ, ಕೇಳಿದವರಿಗೆಲ್ಲ ಅದರ ಕಥೆ ಹೇಳುವರು. ಸಂಡಿಗೆಗೆ ವಕೀಲರು ಮಾಳಿಗೆಯ ಮೇಲೆ ಬೇರೆ ಜಾಗ ಮಾಡಿಸಿಕೊಟ್ಟಿದ್ದರು.